ಕಾಗದದಲ್ಲಿ ಮಾರುತ್: ಹಳೆಯ ಯುದ್ಧವಿಮಾನವೊಂದರ ಅಳತೆ ಮಾದರಿ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಉದ್ದ ಮೂಗಿನ, ರೆಕ್ಕೆ ಹಿಂದಕ್ಕೆ ಬಾಗಿದ ಜೆಟ್ ವಿಮಾನವೊಂದು ನಿಂತಿದೆ. ಅದೇ ಎಚ್‌ಎಫ್-24 ಮಾರುತ್, ಭಾರತದಲ್ಲಿ ವಿನ್ಯಾಸಗೊಂಡು ಇಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಅದನ್ನು ಕಾಗದ, ರಟ್ಟು, ಅಂಟು ಇಷ್ಟರಲ್ಲೇ ಕಟ್ಟುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ. ವಿಮಾನದ ಆಕಾರ ಯಾಕೆ ಹಾಗಿದೆ ಎಂಬುದು ಚಿತ್ರ ನೋಡಿದಾಗ ತಿಳಿಯುವುದಕ್ಕಿಂತ ಕಟ್ಟುವಾಗ ಹೆಚ್ಚು ತಿಳಿಯುತ್ತದೆ.

ಮಾರುತ್ ಹುಟ್ಟಿದ್ದು ಹೇಗೆ

ಎರಡನೇ ಮಹಾಯುದ್ಧದ ಹೆಸರಾಂತ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕ, ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ (ಇಂದಿನ ಎಚ್‌ಎಎಲ್) ಎಂಜಿನಿಯರುಗಳ ಜೊತೆ ಸೇರಿ ಅವರು ಮಾರುತ್ ರೂಪಿಸಿದರು. ಲೋಹದ ವಿಮಾನಕ್ಕೆ ಕೈಹಾಕುವ ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಎಳೆಸಿ ಹಾರಿಸಿ ನೋಡಿದರು. ಅಷ್ಟು ದೊಡ್ಡ ಯೋಜನೆಯೂ ಆಕಾರವನ್ನು ಮೊದಲು ಪರೀಕ್ಷಿಸಿದ್ದು ಒಂದು ಮಾದರಿಯಲ್ಲೇ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಅನ್ನು ಮೊದಲ ಬಾರಿಗೆ ಮೇಲೆಬ್ಬಿಸಿದರು. ಒಟ್ಟು 147 ವಿಮಾನಗಳು ತಯಾರಾದವು. 1967ರಲ್ಲಿ ವಾಯುಪಡೆ ಸೇರಿದ ಮಾರುತ್ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಬೇಕಾದಷ್ಟು ಬಲದ ಎಂಜಿನ್ ಸಿಗದೆ ಅಂದುಕೊಂಡ ವೇಗವನ್ನು ಮುಟ್ಟಲಾಗಲಿಲ್ಲವಾದರೂ ಅದರ ಒಡಲಿನ ರೂಪ ಇಂದಿಗೂ ಮೆಚ್ಚುವಂಥದ್ದು.

ಕಾಗದವೇ ಯಾಕೆ

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಆಟಿಕೆಗೆ ಲೋಹ, ಮರ ಸಿಗುವುದು ಕಷ್ಟವಾದಾಗ ಕಾಗದದ ಮಾದರಿಗಳು ಜನಪ್ರಿಯವಾದವು. ಪೋಲೆಂಡಿನಲ್ಲಿ 1957ರಿಂದ ‘ಮಾವಿ ಮೊದೆಲಾಶ್’ ಎಂಬ ಪತ್ರಿಕೆ ಕತ್ತರಿಸಿ ಅಂಟಿಸುವ ಹಾಳೆಗಳನ್ನೇ ಓದುಗರ ಮನೆಗೆ ತಲುಪಿಸಿತು. ಅಲ್ಲಿನ ವಿಮಾನ ಮಾದರಿಗಳಲ್ಲಿ 1:33 ಪ್ರಮಾಣ ರೂಢಿಯಾಯಿತು. ದುಬಾರಿ ಸಲಕರಣೆ ಬೇಡದ ಈ ಹವ್ಯಾಸ ನಮ್ಮ ಶಾಲೆಗಳಿಗೂ ಚೆನ್ನಾಗಿ ಒಗ್ಗುತ್ತದೆ.

ಅಳತೆ

ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್, ಎತ್ತರ 3.6 ಮೀಟರ್. ನಾವು 1:50 ಪ್ರಮಾಣ ಇಟ್ಟುಕೊಂಡರೆ ಮಾದರಿ 31.7 ಸೆಂ.ಮೀ. ಉದ್ದ, 18 ಸೆಂ.ಮೀ. ಹರವು, 7.2 ಸೆಂ.ಮೀ. ಎತ್ತರಕ್ಕೆ ಇಳಿಯುತ್ತದೆ. ನಿಜದ 5 ಸೆಂ.ಮೀ. ಇಲ್ಲಿ 1 ಮಿ.ಮೀ. ಆಗುತ್ತದೆ. ಈ ಲೆಕ್ಕ ಸದಾ ತಲೆಯಲ್ಲಿರಲಿ. ವಿಮಾನದ 30 ಮಿ.ಮೀ. ಫಿರಂಗಿಯ ಬಾಯಿ ಮಾದರಿಯಲ್ಲಿ ಬರೀ 0.6 ಮಿ.ಮೀ. ಆದ್ದರಿಂದ ಅದನ್ನು ಕೊರೆಯುವ ಗೋಜಿಗೆ ಹೋಗದೆ ಕಪ್ಪು ಚುಕ್ಕೆಯಾಗಿ ಬರೆದರೆ ಸಾಕು. ಯಾವುದನ್ನು ಕಟ್ಟಬೇಕು, ಯಾವುದನ್ನು ಬರೆಯಬೇಕು ಎಂದು ತೀರ್ಮಾನಿಸುವುದು ಪ್ರಮಾಣವೇ.

ಚಪ್ಪಟೆ ಹಾಳೆಯಿಂದ ದುಂಡು ಒಡಲು

ಕಾಗದ ಒಂದು ದಿಕ್ಕಿನಲ್ಲಿ ಸಲೀಸಾಗಿ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿನಲ್ಲಿ ಬಾಗದು. ತೆಂಗಿನಕಾಯಿಗೆ ಕಾಗದ ಸುತ್ತಿದರೆ ನೆರಿಗೆ ಬೀಳುವುದು ಇದರಿಂದಲೇ. ಕೊಳವೆ ಮತ್ತು ಶಂಕುವನ್ನು ಬಿಚ್ಚಿ ಚಪ್ಪಟೆಯಾಗಿ ಹರಡಬಹುದು, ಗೋಳವನ್ನು ಹಾಗೆ ಹರಡಲಾಗದು. ಜರ್ಮನ್ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯ ಇದರ ಕಾರಣವನ್ನು ತೋರಿಸುತ್ತದೆ. ಹಾಗಾಗಿ ಮಾದರಿಗಾರರು ವಿಮಾನದ ಒಡಲನ್ನು ಅಡ್ಡಲಾಗಿ ತುಂಡುತುಂಡಾಗಿ ವಿಭಾಗಿಸಿ, ಒಂದೊಂದು ತುಂಡನ್ನೂ ತುದಿ ಕತ್ತರಿಸಿದ ಶಂಕುವೆಂದು ಎಣಿಸುತ್ತಾರೆ.

ಮೂಗಿನ ಒಂದು ತುಂಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮುಂದಿನ ವ್ಯಾಸ 20 ಮಿ.ಮೀ., ಹಿಂದಿನದು 28 ಮಿ.ಮೀ., ಓರೆ ಉದ್ದ 30 ಮಿ.ಮೀ. ಇರಲಿ. 30 ಅನ್ನು 28ರಿಂದ ಗುಣಿಸಿ, ವ್ಯಾಸಗಳ ವ್ಯತ್ಯಾಸವಾದ 8ರಿಂದ ಭಾಗಿಸಿದರೆ 105 ಬರುತ್ತದೆ. ಅದು ಹೊರ ಕಮಾನಿನ ತ್ರಿಜ್ಯ. ಅದರಲ್ಲಿ 30 ಕಳೆದರೆ ಒಳ ಕಮಾನಿನದು, 75. ಕೋನ ತಿಳಿಯಲು 360 ಅನ್ನು 14ರಿಂದ (28ರ ಅರ್ಧ) ಗುಣಿಸಿ 105ರಿಂದ ಭಾಗಿಸಿ, 48 ಡಿಗ್ರಿ. ಕೈವಾರದಿಂದ ಈ ಎರಡು ಕಮಾನು ಎಳೆದು, 48 ಡಿಗ್ರಿಗೆ ಕತ್ತರಿಸಿ ಸುತ್ತಿದರೆ ತುಂಡು ಸಿದ್ಧ. ಅಂಟಿಸಲು ಬೇಕಾದ ಪಟ್ಟಿಯನ್ನು ಬೇರೆಯಾಗಿ ಕತ್ತರಿಸಿ ಒಳಗಿನಿಂದ ಹಚ್ಚಿ.

ಮಾರುತ್‌ನ ಹಿಂಭಾಗ ದುಂಡಾಗಿಲ್ಲ. ಅಲ್ಲಿ ಎರಡು ಆರ್ಫಿಯಸ್ ಎಂಜಿನ್‌ಗಳು ಪಕ್ಕಪಕ್ಕದಲ್ಲಿ ಕೂತಿರುವುದರಿಂದ ಒಡಲು ಅಗಲವಾಗಿದೆ. ಅಲ್ಲಿ ಸೂತ್ರಕ್ಕಿಂತ ಕೈಯಳತೆ ಸುಲಭ. ಆಕಾರಕ್ಕೆ ತಕ್ಕ ರಟ್ಟಿನ ಬಿಲ್ಲೆ ಕತ್ತರಿಸಿ, ಅದರ ಸುತ್ತ ತೆಳುಕಾಗದದ ಪಟ್ಟಿ ಸುತ್ತಿ, ಸುತ್ತಳತೆ ಗುರುತು ಮಾಡಿಕೊಳ್ಳಿ. ರೆಕ್ಕೆ ಸೇರುವಲ್ಲಿ ಒಡಲಿನ ನಡು ತುಸು ಸಣ್ಣದಾಗಿರುವುದನ್ನು ಗಮನಿಸಿ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಕಡಿಮೆಯಾಗಬೇಕಾದರೆ, ರೆಕ್ಕೆ ಹೆಚ್ಚಿಸಿದ ಅಡ್ಡಕೊಯ್ತದ ವಿಸ್ತೀರ್ಣವನ್ನು ಒಡಲು ತಗ್ಗಿಸಿಕೊಳ್ಳಬೇಕು. ಬಿಲ್ಲೆಗಳನ್ನು ಸಾಲಾಗಿ ಜೋಡಿಸುವಾಗ ಈ ತತ್ವ ನಿಮ್ಮ ಕೈಗೇ ಸಿಗುತ್ತದೆ.

ಕಟ್ಟುವ ಕ್ರಮ

ಹೊರ ಹೊದಿಕೆಗೆ 160ರಿಂದ 200 ಜಿಎಸ್‌ಎಂ ಕಾರ್ಡ್‌ಶೀಟ್, ಬಿಲ್ಲೆಗಳಿಗೆ 1 ಮಿ.ಮೀ. ರಟ್ಟು, ಚಿಕ್ಕ ಭಾಗಗಳಿಗೆ ಸಾಮಾನ್ಯ ಕಾಗದ ಸಾಕು. ಹೊಸ ಅಲಗಿನ ಕಟ್ಟರ್, ಲೋಹದ ಸ್ಕೇಲ್, ಕೈವಾರ, ಫೆವಿಕಾಲ್, ಉಪ್ಪುಕಾಗದ ಹತ್ತಿರವಿರಲಿ. ಮಕ್ಕಳು ಕಟ್ಟರ್ ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಬೇಕು.

ಕಾಗದಕ್ಕೆ ನಾರಿನ ಓಟವಿರುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಸುರುಳುತ್ತದೋ ಆ ಕಡೆಗೇ ಒಡಲಿನ ತುಂಡುಗಳನ್ನು ಸುತ್ತಿ. ಮಡಿಸುವ ಗೆರೆಯನ್ನು ಇಂಕು ಮುಗಿದ ಬಾಲ್‌ಪೆನ್ನಿನಿಂದ ಮೊದಲು ಒತ್ತಿಕೊಳ್ಳಿ. ಬಿಲ್ಲೆಗಳನ್ನು ಹೊದಿಕೆಯ ದಪ್ಪದಷ್ಟು ಕಿರಿದಾಗಿಸಿ ಕತ್ತರಿಸಿ, ಇಲ್ಲವಾದರೆ ಸೀಳು ಮುಚ್ಚಿಕೊಳ್ಳುವುದಿಲ್ಲ. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಣಗೇ ಜೋಡಿಸಿ ನೋಡಿ. ನೀರಿನಂಶದ ಅಂಟು ಕಾಗದವನ್ನು ಮೆತ್ತಗಾಗಿಸುವುದರಿಂದ ತೆಳುವಾಗಿ ಹಚ್ಚಿ. ಸೇರುವ ಗೆರೆ ಹೊಟ್ಟೆಯ ಕಡೆ ಬರಲಿ.

ರೆಕ್ಕೆಯೊಳಗೆ ರಟ್ಟಿನ ತೊಲೆಯನ್ನಿಟ್ಟು, ಅದನ್ನು ಒಡಲಿನ ಮೂಲಕ ಈ ಕಡೆಯಿಂದ ಆ ಕಡೆಗೆ ಹಾಯಿಸಿ. ರೆಕ್ಕೆಯ ಮುಂದಂಚನ್ನು ಪೆನ್ಸಿಲ್ ಮೇಲೆ ಸುರುಳಿಸಿ ದುಂಡಗಾಗಿಸಿ, ಚೂಪಾಗಿ ಮಡಿಸಬೇಡಿ. ಹಿಂದಂಚನ್ನು ಒಳಗಿನಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಿ. ಅಂಟು ಒಣಗುವ ಮೊದಲೇ ಎದುರಿನಿಂದ ನೋಡಿ ಎರಡು ರೆಕ್ಕೆಗಳ ತುದಿ ಒಂದೇ ಎತ್ತರದಲ್ಲಿವೆಯೇ ಎಂದು ಪರೀಕ್ಷಿಸಿ. ಗಾಳಿ ಒಳಹೋಗುವ ಪಕ್ಕದ ಬಾಯಿಗಳಲ್ಲಿ ಅರ್ಧ ಶಂಕುಗಳಿವೆ, ಅವನ್ನು ಮರೆಯದೆ ಕೂರಿಸಿ. ಚಕ್ರದ ಕಾಲುಗಳಿಗೆ ತಂತಿ ಬಳಸಿ. ಮಾದರಿ ಹಿಂದಕ್ಕೆ ವಾಲದಂತೆ ಮೂಗು ಮುಚ್ಚುವ ಮೊದಲೇ ಒಳಗೆ ಒಂದೆರಡು ಕಬ್ಬಿಣದ ನಟ್ಟು ಅಂಟಿಸಿ.

ಕತ್ತರಿಸಿದ ಅಂಚುಗಳಲ್ಲಿ ಬಿಳಿ ಕಾಣುತ್ತದೆ. ಅಲ್ಲಿಗೆ ಹೊದಿಕೆಯ ಬಣ್ಣವನ್ನೇ ಸವರಿದರೆ ಮಾದರಿಯ ನೋಟವೇ ಬದಲಾಗುತ್ತದೆ. ವಾಯುಪಡೆಯ ಚಕ್ರಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಉಳಿದ ಬಣ್ಣಕ್ಕೆ ಒಂದೇ ವಿಮಾನದ ಫೋಟೊಗಳನ್ನು ಆಧಾರವಾಗಿಟ್ಟುಕೊಳ್ಳಿ, ಬೇರೆ ಬೇರೆ ವಿಮಾನಗಳದ್ದನ್ನು ಬೆರೆಸಬೇಡಿ.

ನಿಜವಾದ ಮಾರುತ್ ಕೂಡ ಲೋಹದ ಅಡ್ಡಚೌಕಟ್ಟುಗಳ ಮೇಲೆ ತೆಳು ತಗಡು ಹೊದಿಸಿ ಕಟ್ಟಿದ್ದು. ಹೊದಿಕೆಯೂ ಭಾರ ಹೊರುವ ಆ ತತ್ವವೇ ನಿಮ್ಮ ರಟ್ಟು ಮತ್ತು ಕಾಗದದಲ್ಲೂ ಕೆಲಸ ಮಾಡುತ್ತದೆ. ಕತ್ತರಿ ಹಿಡಿಯುವ ಮೊದಲು ಕಸ್ತೂರಬಾ ರಸ್ತೆಗೋ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೋ ಹೋಗಿ ಮಾರುತ್ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ, ನಾಲ್ಕೂ ಕಡೆಯಿಂದ ಚಿತ್ರ ಬರೆದುಕೊಳ್ಳಿ. ಶಿಕ್ಷಕರು ತಮ್ಮ ಮಕ್ಕಳನ್ನೂ ಕರೆದೊಯ್ಯಲಿ. ಶಂಕುವಿನ ಪಾಠ, ಅನುಪಾತದ ಪಾಠ, ನಮ್ಮೂರಿನ ಎಂಜಿನಿಯರುಗಳ ಚರಿತ್ರೆಯ ಪಾಠ ಮೂರೂ ಆ ಒಂದು ವಿಮಾನದಲ್ಲಿವೆ.