ಬಿಯರ್ ಆರಿಸಿದ್ದು ಯಾರು?

ಮನೆಗೆ ಅತಿಥಿಗಳು ಬಂದಿದ್ದಾರೆ. ಬೆಟ್ಟಿ ಡ್ರೇಪರ್ ದಿನವಿಡೀ ದುಡಿದು ಮೇಜು ಸಜ್ಜುಗೊಳಿಸಿದ್ದಾಳೆ. ಬೇರೆ ಬೇರೆ ದೇಶಗಳ ತಿನಿಸು, ಜೊತೆಗೆ ಹಾಲೆಂಡಿನ ಹೈನೆಕೆನ್ ಬಿಯರ್. ಆಕೆ ಅದರ ಹೆಸರು ಹೇಳಿದ್ದೇ ತಡ, ಊಟಕ್ಕೆ ಕುಳಿತ ಗಂಡಸರು ನಗತೊಡಗುತ್ತಾರೆ. ಯಾಕೆಂದು ಆಕೆಗೆ ತಿಳಿಯದು. ಅನುಕೂಲಸ್ಥ ಗೃಹಿಣಿಯರು ಬರುವ ಅಂಗಡಿಗಳಲ್ಲಿ ಅಂದವಾಗಿ ಜೋಡಿಸಿಟ್ಟರೆ ಈ ಬಿಯರನ್ನು ಅವರು ಕೊಂಡೇ ಕೊಳ್ಳುತ್ತಾರೆಂದು ಗಂಡ ಡಾನ್ ಕಚೇರಿಯಲ್ಲಿ ವಾದಿಸಿದ್ದ. ಈಗ ಸ್ವಂತ ಹೆಂಡತಿಯೇ ಅದಕ್ಕೆ ಸಾಕ್ಷಿ!

ಅತಿಥಿಗಳು ಹೋದ ಮೇಲೆ ಬೆಟ್ಟಿ ಸಿಡಿಯುತ್ತಾಳೆ. ತಾನೇ ಆರಿಸಿದೆನೆಂದುಕೊಂಡದ್ದು ಇನ್ನಾರೋ ತನಗಾಗಿ ಆರಿಸಿಟ್ಟದ್ದು ಎಂದು ತಿಳಿದಾಗ ಆಗುವ ಅವಮಾನವದು. ಅದನ್ನು ಆರಿಸಿಟ್ಟವನು ಪಕ್ಕದಲ್ಲೇ ಮಲಗುವ ಗಂಡ ಎಂಬುದು ಇನ್ನೂ ಕಹಿ.

ಇದು ಅಮೆರಿಕದ 'ಮ್ಯಾಡ್ ಮೆನ್' ಧಾರಾವಾಹಿಯ ದೃಶ್ಯ. ಮ್ಯಾಥ್ಯೂ ವೀನರ್ ರೂಪಿಸಿದ ಈ ಧಾರಾವಾಹಿ 2007ರಿಂದ 2015ರವರೆಗೆ 92 ಕಂತುಗಳಲ್ಲಿ ಎಎಂಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಕಥೆ ನಡೆಯುವುದು 1960ರಿಂದ 1970ರವರೆಗೆ, ಜಾಹೀರಾತು ಕಂಪನಿಗಳಿಗೆ ಹೆಸರಾದ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ. (ಸಿಗರೇಟು, ಮದ್ಯ, ಪರಸಂಗ ಯಥೇಚ್ಛವಾಗಿವೆ, ಚಿಕ್ಕ ಮಕ್ಕಳೊಡನೆ ಕೂತು ನೋಡುವಂಥದ್ದಲ್ಲ.)

ಆ ಕಚೇರಿಯಲ್ಲಿ ಬರೆಯುವವರು ಗಂಡಸರು, ಟೈಪ್ ಮಾಡುವವರು ಹೆಂಗಸರು. ಬ್ರೂಕ್ಲಿನ್ನಿನ ಪೆಗ್ಗಿ ಓಲ್ಸನ್ ಬಂದದ್ದೂ ಡಾನ್‌ನ ಕಾರ್ಯದರ್ಶಿಯಾಗಿಯೇ. ಒಮ್ಮೆ ಲಿಪ್‌ಸ್ಟಿಕ್ ಪರೀಕ್ಷೆಗೆಂದು ಕಚೇರಿಯ ಹುಡುಗಿಯರನ್ನೆಲ್ಲ ಒಂದು ಕೋಣೆಗೆ ಸೇರಿಸುತ್ತಾರೆ. ಗಾಜಿನಾಚೆ ಮರೆಯಲ್ಲಿ ಕೂತ ಗಂಡಸರದು ನೋಡಿ ನಗುವ ಕೆಲಸ. ಪೆಗ್ಗಿ ಬಣ್ಣ ಹಚ್ಚಿಕೊಳ್ಳದೆ ಸುತ್ತಲಿನವರನ್ನು ಗಮನಿಸುತ್ತಾಳೆ. ಬಳಿಕ ಆಕೆ ಆಡಿದ ಒಂದೆರಡು ಮಾತು ಫ್ರೆಡ್ಡಿ ಎಂಬ ಹಿರಿಯ ಬರಹಗಾರನ ಕಿವಿಗೆ ನಾಟುತ್ತದೆ. ಅವನು ಅದನ್ನು ಮೆಚ್ಚುವ ರೀತಿ ನೋಡಿ: ನಾಯಿ ಪಿಯಾನೋ ನುಡಿಸಿದಂತಿತ್ತಂತೆ!

ಹೀಗೆ ಪೆಗ್ಗಿಗೆ ಬರೆಯುವ ಕೆಲಸ ಸಿಗುತ್ತದೆ. ಆದರೆ ಕೂರಲು ಸಿಕ್ಕ ಕೋಣೆಯನ್ನು ಆಕೆ ಝೆರಾಕ್ಸ್ ಯಂತ್ರದೊಡನೆ ಹಂಚಿಕೊಳ್ಳಬೇಕಾಗುತ್ತದೆ. ಒಳ್ಳೆಯ ಕೋಣೆ ದಕ್ಕುವುದು ಬಾಯಿ ಬಿಟ್ಟು ಕೇಳಿದಾಗಲೇ. ಗಂಡಸರ ಆ ಕೂಟಕ್ಕೆ ಮೊದಲು ಬೇಕಾಗಿದ್ದದ್ದು ಆಕೆಯ ಬುದ್ಧಿಯಲ್ಲ, ಕೊಳ್ಳುವ ಹೆಣ್ಣೊಬ್ಬಳ ಮನಸ್ಸಿನ ಸುಳಿವು ಎಂದು ನನಗನ್ನಿಸುತ್ತದೆ. ಅಡುಗೆಮನೆಯೇ ನಿನ್ನ ಜಾಗ ಎಂದು ಹೆಣ್ಣಿಗೆ ಹೇಳುತ್ತಿದ್ದ ಉದ್ಯಮಕ್ಕೆ, ಅದನ್ನು ಇಂಪಾಗಿ ಹೇಳಲು ಅಡುಗೆಮನೆಯಿಂದ ಹೊರಬಂದ ಹೆಣ್ಣೇ ಬೇಕಾಯಿತು.

ಇದು ಬರೀ ಕಲ್ಪನೆಯಲ್ಲ. ಹೆಚ್ಚು ಹೆಚ್ಚು ಸಾಮಾನು ಕೊಳ್ಳಲಿ ಎಂದೇ ಹೆಂಗಸರನ್ನು ಗೃಹಿಣಿಯರಾಗಿ ಉಳಿಸಲಾಗುತ್ತಿದೆ ಎಂದು ಬೆಟ್ಟಿ ಫ್ರೀಡನ್ 1963ರ ತಮ್ಮ 'ದಿ ಫೆಮಿನಿನ್ ಮಿಸ್ಟೀಕ್' ಕೃತಿಯಲ್ಲಿ ವಾದಿಸಿದರು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾನೂನು ಅಮೆರಿಕದಲ್ಲಿ ಬಂದದ್ದೂ ಅದೇ ವರ್ಷ. 1966ರಲ್ಲಿ ಮೇರಿ ವೆಲ್ಸ್ ಎಂಬಾಕೆ ಇಬ್ಬರು ಪಾಲುದಾರರೊಡನೆ ಸ್ವಂತ ಜಾಹೀರಾತು ಕಂಪನಿ ತೆರೆದು ತಾನೇ ಮುಖ್ಯಸ್ಥೆಯಾದರು. ಪೆಗ್ಗಿಗಿಂತ ಅವರದೇ ದೊಡ್ಡ ಕಥೆ.

ಧಾರಾವಾಹಿಯಲ್ಲಿ ಕೊರತೆಯೂ ಉಂಟು. ಕಪ್ಪು ಜನರು ಬಹುಕಾಲ ಲಿಫ್ಟ್ ನಡೆಸುವವರಾಗಿ, ಮನೆಗೆಲಸದವರಾಗಿ ಬಂದು ಹೋಗುತ್ತಾರಷ್ಟೇ. ಹೆಣ್ಣುಮಕ್ಕಳ ಪಾಡನ್ನು ಅಷ್ಟು ಹತ್ತಿರದಿಂದ ಕಂಡ ಕ್ಯಾಮರಾ ಇವರ ಮನೆ ಬಾಗಿಲಿಗೆ ಹೋಗುವುದೇ ಅಪರೂಪ.

ನನ್ನನ್ನು ಹೆಚ್ಚು ಕಾಡಿದವಳು ಮಾತ್ರ ಬೆಟ್ಟಿ. ಬ್ರಿನ್ ಮಾರ್ ಎಂಬ ಹೆಸರಾಂತ ಮಹಿಳಾ ಕಾಲೇಜಿನಲ್ಲಿ ಮಾನವಶಾಸ್ತ್ರ ಓದಿದವಳು, ರೂಪದರ್ಶಿಯಾಗಿದ್ದವಳು. ಮದುವೆಯಾದ ಮೇಲೆ ಆ ಓದಿನ ಬಗ್ಗೆ ಯಾರೂ ಕೇಳುವುದಿಲ್ಲ. ಮೊದಲ ಕಂತಿನಲ್ಲೇ ಡಾನ್‌ಗೆ ಎದುರಾಗುವ ಸಮಸ್ಯೆ ಸಿಗರೇಟಿನದು: ಕ್ಯಾನ್ಸರ್ ಸುದ್ದಿ ಹಬ್ಬಿದೆ, ಆದರೂ ಲಕ್ಕಿ ಸ್ಟ್ರೈಕ್ ಮಾರಾಟವಾಗಬೇಕು. ಹೊಗೆಸೊಪ್ಪನ್ನು ಹುರಿದು ಮಾಡಿದ್ದೆಂಬ ಘೋಷಣೆ ಅವನಿಗೆ ಹೊಳೆಯುತ್ತದೆ. (ನಿಜದಲ್ಲಿ ಆ ಘೋಷಣೆ ಅದಕ್ಕೂ ದಶಕಗಳ ಹಿಂದಿನದು.) ಕಂತುಗಳುದ್ದಕ್ಕೂ ಸಿಗರೇಟು ಸೇದುವ ಬೆಟ್ಟಿಗೆ ಕೊನೆಗೆ ಶ್ವಾಸಕೋಶದ ಕ್ಯಾನ್ಸರ್.

ಅಷ್ಟರಲ್ಲಿ ಡಾನ್‌ನಿಂದ ವಿಚ್ಛೇದನ ಪಡೆದು ಮರುಮದುವೆಯಾಗಿ, ಮನಃಶಾಸ್ತ್ರ ಓದಲೆಂದು ಮತ್ತೆ ಕಾಲೇಜಿಗೆ ಸೇರಿದ್ದಾಳೆ. ಉಳಿದದ್ದು ಕೆಲವೇ ತಿಂಗಳೆಂದು ವೈದ್ಯರು ಹೇಳಿದ್ದಾರೆ. ಹೊಸ ಗಂಡನಿಗೆ ದಿಗ್ಭ್ರಮೆ: ಇನ್ನೇಕೆ ಓದು? ಬೆಟ್ಟಿ ಪುಸ್ತಕಗಳನ್ನು ಹಿಡಿದು, ಏದುಸಿರು ಬಿಡುತ್ತಾ, ಕಾಲೇಜಿನ ಮೆಟ್ಟಿಲು ಹತ್ತುತ್ತಾಳೆ. ತರಗತಿಗೆ ಹೊತ್ತಾಗಿತ್ತು.