ಪೊರೆ ತೆಗೆದ ಕಣ್ಣಿಗೆ ಮತ್ತೆ ಲೇಸರ್ ಏಕೆ?

ಉತ್ತರ ಕರ್ನಾಟಕದಲ್ಲಿ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು ರೂಢಿಯಲ್ಲಿದೆ. ನಲವತ್ತು ಎಂಬ ಅರ್ಥದಿಂದ ಬಂದ ಈ ಪದವು, ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುತ್ತದೆಂಬ ಜನರ ಅನುಭವವನ್ನು ತನ್ನಲ್ಲಿಯೇ ಇರಿಸಿಕೊಂಡಿದೆ. ಕಣ್ಣಿನೊಳಗಿನ ಮಸೂರವು ವಯಸ್ಸಿನೊಡನೆ ಬಿರುಸಾಗಿ, ಬಾಗುವ ಗುಣವನ್ನು ಕಳೆದುಕೊಳ್ಳುವುದೇ ಇದರ ಕಾರಣ. ಇನ್ನಷ್ಟು ವರ್ಷ ಕಳೆದರೆ ಅದೇ ಮಸೂರವು ತನ್ನ ಪಾರದರ್ಶಕತೆಯನ್ನೂ ನೀಗಿಕೊಳ್ಳುತ್ತದೆ. ಅದನ್ನೇ ಪೊರೆ ಅಥವಾ ಮೋತಿಬಿಂದು ಎನ್ನುತ್ತೇವೆ.

ಹಿಂದಿನ ವಿಜಾಪುರ ಜಿಲ್ಲೆಗೆ ಈ ರೋಗದ ಚಿಕಿತ್ಸೆಯ ಇತಿಹಾಸದಲ್ಲಿ ಗೌರವದ ಸ್ಥಾನವಿದೆ. ಊರೂರು ತಿರುಗಿ, ಉಚಿತ ಶಿಬಿರಗಳಲ್ಲಿ ಲಕ್ಷಾಂತರ ಬಡವರ ಪೊರೆ ತೆಗೆದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು (ನಿಧನ: 2005) ಬೀಳಗಿಯವರು. ಅವರ ಶಿಬಿರಗಳು ನಡೆದ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದು, ಅದರ ಕೆಲಸವನ್ನು ದಪ್ಪ ಗಾಜಿನ ಕನ್ನಡಕಕ್ಕೆ ವಹಿಸುವುದೇ ಸಾಮಾನ್ಯವಾಗಿತ್ತು. ಆ ಕನ್ನಡಕದಲ್ಲಿ ವಸ್ತುಗಳು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ ನೋಟ ಕೆಡುತ್ತಿತ್ತು. ಆದರೂ ಕತ್ತಲೆಯಿಂದ ಹೊರಬಂದವನಿಗೆ ಅದು ದೊಡ್ಡ ಭಾಗ್ಯವೇ ಆಗಿತ್ತು.

ತೆಗೆದ ಮಸೂರದ ಸ್ಥಳದಲ್ಲಿ ಕೃತಕ ಮಸೂರವನ್ನಿಡುವ ಪ್ರಯತ್ನವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು 1949ರಲ್ಲಿ ಕೈಗೊಂಡರು. ಯುದ್ಧವಿಮಾನದ ಮೇಲ್ಹೊದಿಕೆಯ ಅಕ್ರಿಲಿಕ್ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ಉಳಿದಿದ್ದರೂ ಬಾವು ಬರದಿದ್ದುದನ್ನು ಅವರು ಗಮನಿಸಿದ್ದರು. ಇಂದು ಬಹುತೇಕ ರೋಗಿಗಳಿಗೆ ಇಡುವ ಮಸೂರವು ಒಂದೇ ದೂರಕ್ಕೆ ಹೊಂದಿಸಿದ್ದು. ದೂರ ಸ್ಪಷ್ಟ, ಓದಲು ಚಾಳೀಸು ಬೇಕು. ಮಲ್ಟಿಫೋಕಲ್ ಮಸೂರದ ಬಗೆ ಬೇರೆ. ಅದರ ಮೇಲೆ ಕೊರೆದ ಸೂಕ್ಷ್ಮ ಉಂಗುರಗಳು ಬೆಳಕನ್ನು ಹಂಚಿ, ಒಂದು ಪಾಲನ್ನು ದೂರಕ್ಕೂ ಇನ್ನೊಂದು ಪಾಲನ್ನು ಹತ್ತಿರಕ್ಕೂ ಒದಗಿಸುತ್ತವೆ. ಎರಡು ಬಿಂಬಗಳಲ್ಲಿ ಬೇಕಾದುದನ್ನು ಮಿದುಳು ಆರಿಸಿಕೊಳ್ಳಲು ಕಲಿಯಬೇಕು.

ಬಬಲೇಶ್ವರ ತಾಲ್ಲೂಕಿನ ನಿಡೋಣಿಯ ಕಡೆ ದ್ರಾಕ್ಷಿ ಬೆಳೆಯುವ ಹಿರಿಯ ರೈತರೊಬ್ಬರು ಇಂಥ ಮಸೂರವನ್ನು ಹಾಕಿಸಿಕೊಂಡರೆಂದು ಭಾವಿಸೋಣ. ಸಾಲಿನ ಕೊನೆಯ ಕಂಬ ಕಾಣಬೇಕು. ಕೈಯಳತೆಯ ಗೊನೆಯಲ್ಲಿ ರೋಗದ ಚುಕ್ಕೆ ಕಾಣಬೇಕು. ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಓದಬೇಕು. ಹೆಚ್ಚಿನ ಹಣ ತೆತ್ತದ್ದು ಇದಕ್ಕಾಗಿಯೇ. ಆದರೆ ಮೂರು ತಿಂಗಳಾದರೂ ಎಲ್ಲವೂ ತುಸು ಮಸುಕು, ರಾತ್ರಿ ಎದುರು ಬರುವ ವಾಹನದ ದೀಪದ ಸುತ್ತ ಬಳೆಯಂಥ ಬೆಳಕು. ಆಗ ವೈದ್ಯರು ಲೇಸರಿನ ಮಾತೆತ್ತುತ್ತಾರೆ. ಇನ್ನೊಮ್ಮೆ ಕಣ್ಣನ್ನು ಒಪ್ಪಿಸುವುದೇ, ಬಿಡುವುದೇ?

ಮಸುಕಿಗೆ ಕಾರಣ ಹಲವು. ಮಸೂರದ ಶಕ್ತಿಯನ್ನು ಶಸ್ತ್ರಕ್ರಿಯೆಗೆ ಮುನ್ನ ಕಣ್ಣಿನ ಉದ್ದ ಹಾಗೂ ಕಾರ್ನಿಯಾದ ವಕ್ರತೆಯಿಂದ ಲೆಕ್ಕ ಹಾಕುತ್ತಾರೆ. ಸುಮಾರು 24 ಮಿಲಿಮೀಟರ್ ಉದ್ದದ ಕಣ್ಣಿನ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆಯಿಂದ ಮೂರು ಡಯಾಪ್ಟರ್ ವ್ಯತ್ಯಾಸ ಬಂದೀತು. ಅಳತೆ ಸರಿಯಿದ್ದರೂ, ಗಾಯ ಮಾಯುವಾಗ ಮಸೂರ ಕೂಡುವ ಆಳ ಕೊಂಚ ಬದಲಾಗಬಹುದು. ಸಾಮಾನ್ಯ ಮಸೂರದವರು ಸಹಿಸಿಕೊಳ್ಳುವ ಮುಕ್ಕಾಲು ಡಯಾಪ್ಟರಿನ ದೋಷವೂ, ಬೆಳಕನ್ನು ಮೊದಲೇ ಹಂಚಿಕೊಂಡಿರುವ ಮಲ್ಟಿಫೋಕಲ್ ಕಣ್ಣಿಗೆ ಹೊರೆಯಾಗುತ್ತದೆ. ಇದಲ್ಲದೆ ಕಣ್ಣಿನ ಶುಷ್ಕತೆ, ಅಕ್ಷಿಪಟಲದ ಊತ, ಮಸೂರ ಪಕ್ಕಕ್ಕೆ ಸರಿದಿರುವುದು, ಮಸೂರದ ಹಿಂದಿನ ತೆಳುಪೊರೆ ಮಬ್ಬಾಗುವುದು ಇವೂ ಉಂಟು.

ಇಲ್ಲಿ ಜನರಲ್ಲಿ ದೊಡ್ಡ ಗೊಂದಲವಿದೆ. ಲೇಸರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಕಿತ್ಸೆಗಳಿವೆ. ಮಬ್ಬಾದ ಹಿಂದಿನ ಪೊರೆಯಲ್ಲಿ ಕಿಂಡಿ ತೆರೆಯುವುದು ಯಾಗ್ ಲೇಸರ್. ಅದು ಕೆಲವೇ ನಿಮಿಷಗಳ ಕೆಲಸ. ಆದರೆ ಅವಸರ ಸಲ್ಲದು. ಕಿಂಡಿ ತೆರೆದ ಮೇಲೆ, ಮಸೂರವೇ ಹೊಂದದೆ ಅದನ್ನು ಬದಲಿಸಬೇಕಾದರೆ ಆ ಶಸ್ತ್ರಕ್ರಿಯೆ ಬಹಳ ಕಠಿಣವಾಗುತ್ತದೆ.

ಇನ್ನೊಂದು ಎಕ್ಸೈಮರ್ ಲೇಸರ್; ಇದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ತಿದ್ದುತ್ತದೆ. ಮದರಾಸಿನಲ್ಲಿ ಜನಿಸಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, 193 ನ್ಯಾನೋಮೀಟರ್ ತರಂಗದ ಈ ಅತಿನೇರಳೆ ಬೆಳಕು ಸುತ್ತಲ ಭಾಗವನ್ನು ಸುಡದೆ ಜೀವಾಂಗವನ್ನು ಕೆತ್ತಬಲ್ಲದೆಂದು ಕಂಡರು. ಪ್ರಯೋಗಕ್ಕೆ ಬಳಸಿದ್ದು ಹಬ್ಬದ ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಣುಕು! ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ 1983ರಲ್ಲಿ ಅವರೊಡಗೂಡಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು. ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಉಳಿದ ದೋಷ ಚಿಕ್ಕದಾದುದರಿಂದ ಕೆತ್ತಬೇಕಾದುದು ಕೂದಲೆಳೆಗಿಂತ ತೆಳು. ತೆಳುಪದರ ಎತ್ತಿ ಕೆತ್ತುವ ಲ್ಯಾಸಿಕ್ ವಿಧಾನದಲ್ಲಿ ನೋಟ ಬೇಗ ತಿಳಿಯಾಗುತ್ತದೆ, ಆದರೆ ನರಗಳು ಕಡಿದು ಶುಷ್ಕತೆ ಹೆಚ್ಚುತ್ತದೆ. ಮೇಲ್ಮೈಯಲ್ಲೇ ಕೆತ್ತುವ ಪಿಆರ್‌ಕೆ ವಿಧಾನದಲ್ಲಿ ಕೆಲವು ದಿನ ಉರಿ, ನೋವು. ವಯಸ್ಸಾದವರಿಗೆ ಹಲವರು ಇದನ್ನೇ ಮೆಚ್ಚುವರು.

ಯಂತ್ರವನ್ನೇ ನಂಬುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕಣ್ಣಿನ ದೋಷವನ್ನು ತಾನೇ ಅಳೆಯುವ ಯಂತ್ರಗಳು ಮಲ್ಟಿಫೋಕಲ್ ಉಂಗುರಗಳಿಂದ ದಾರಿ ತಪ್ಪಬಹುದು. ಆದುದರಿಂದ ಪರೀಕ್ಷಾ ಚೌಕಟ್ಟಿನಲ್ಲಿ ಗಾಜುಗಳನ್ನು ಬದಲಿಸುತ್ತ, ಯಾವುದು ಸ್ಪಷ್ಟವೆಂದು ರೋಗಿಯನ್ನೇ ಕೇಳುವ ಹಳೆಯ ಕ್ರಮವೇ ಇಲ್ಲಿ ಪ್ರಮಾಣ. ಆ ಗಾಜಿನಿಂದ ನೋಟ ತಿಳಿಯಾದರೆ ಲೇಸರ್ ಫಲ ಕೊಡುವ ಸಂಭವ ಹೆಚ್ಚು. ಗಾಜಿನಿಂದಲೂ ಆಗದಿದ್ದರೆ ಲೇಸರಿನಿಂದಲೂ ಆಗದು. ರಾತ್ರಿಯ ಬೆಳಕಿನ ಬಳೆಗಳು ಮಸೂರದ ರಚನೆಯಿಂದಲೇ ಹುಟ್ಟುವಂಥವು; ಮಸುಕು ಕಳೆದಾಗ ಅವು ಕುಗ್ಗಿಯಾವು, ಅಳಿಯಲಾರವು. ತಿಂಗಳುಗಳು ಉರುಳಿದಂತೆ ಮಿದುಳು ಅವನ್ನು ಕಡೆಗಣಿಸಲು ಕಲಿಯುವುದೂ ಉಂಟು.

ಶುಷ್ಕತೆಯನ್ನು ಮೊದಲು ಹನಿಗಳಿಂದ ಸರಿಪಡಿಸಿ, ನಂಬರು ಒಂದೇ ಕಡೆ ನಿಂತುದನ್ನು ಎರಡು ಸಲ ಪರೀಕ್ಷಿಸಿ, ಕಾರ್ನಿಯಾದ ನಕ್ಷೆ ತೆಗೆದು, ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆಯೇ ವೈದ್ಯರು ನಿರ್ಧರಿಸುತ್ತಾರೆ. ಒಂದು ಕಣ್ಣು ಒಗ್ಗದಿರುವಾಗ ಎರಡನೆಯದಕ್ಕೆ ಅದೇ ಮಸೂರ ಹಾಕಿಸಲು ಧಾವಿಸುವುದು ಜಾಣತನವಲ್ಲ. ಲೇಸರ್ ಆದ ರೈತನು ವೈದ್ಯರು ಹೇಳಿದಷ್ಟು ದಿನ ಧೂಳು, ಔಷಧ ಸಿಂಪರಣೆಗಳಿಂದ ದೂರವಿರಬೇಕು. ಆದಕಾರಣ ತೋಟದ ಕೆಲಸ ಬಿಡುವಾದ ಕಾಲವನ್ನು ಆರಿಸಿಕೊಳ್ಳುವುದು ಲೇಸು. ಮಸೂರದ ಹೆಸರು, ಶಕ್ತಿಗಳನ್ನು ಬರೆದು ಆಸ್ಪತ್ರೆಯವರು ಕೊಡುವ ಸಣ್ಣ ಚೀಟಿಯನ್ನು ಅನೇಕರು ಕಳೆದುಬಿಡುತ್ತಾರೆ. ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಅವರು ಮೊದಲು ಕೇಳುವುದು ಅದನ್ನೇ.