ತಂಪೂ ಸುಡುತ್ತದೆ

2018ರ ಜೂನ್ ತಿಂಗಳಲ್ಲಿ ಮಸ್ಕತ್ತಿನ ಆಚೆಯ ಖುರಿಯಾತ್‌ನಲ್ಲಿ ಇಡೀ ಒಂದು ದಿನ ಉಷ್ಣತೆ 42.6 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಇಂಥ ನಾಡಿನಲ್ಲಿ ಹಿಮದ ಗಾಯವೆಂದರೆ ಯಾರು ನಂಬಿಯಾರು? ನಾವು ಕಂಡದ್ದು ನಮ್ಮ ತಾರಸಿಯ ಮೇಲೆಯೇ.

ಏ.ಸಿ. ರಿಪೇರಿಗೆ ಬಂದವನು ಕುಂದಾಪುರದ ಕಡೆಯ ಹುಡುಗ. ಗೇಜಿನ ಪೈಪು ಬಿಚ್ಚುವಾಗ ಬುಸ್ಸೆಂದು ಗ್ಯಾಸ್ ಹಾರಿ ಎರಡು ಬೆರಳಿಗೆ ತಗಲಿತು. ಕೈಗವಸು ಚೀಲದಲ್ಲಿತ್ತಂತೆ! ಬೇಗ ಮುಗಿಸಪ್ಪಾ ಎಂದು ಅವಸರ ಮಾಡಿದವರು ನಾವೇ ಎಂಬುದನ್ನೂ ಹೇಳಬೇಕು. "ಏನಿಲ್ಲ ಸಾರ್, ಸ್ವಲ್ಪ ತಣ್ಣಗಾಯ್ತು ಅಷ್ಟೆ" ಎಂದ. ಬೆರಳು ಮೇಣದಂತೆ ಬಿಳಿಚಿತ್ತು, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಜತೆಗಾರ ತಿಕ್ಕಲು ಹೊರಟ, ನಮ್ಮಾಕೆ ಬೆಣ್ಣೆ ತಂದಳು. ಎರಡನ್ನೂ ತಡೆದೆವು.

ಕೊಳವೆಯೊಳಗೆ ಒತ್ತಡದಿಂದ ದ್ರವವಾಗಿರುವ ಈ ವಸ್ತು ಹೊರಬಿದ್ದೊಡನೆ ಕುದಿಯುತ್ತದೆ. ಹಳೆಯ ಆರ್-22 ಕುದಿಯುವುದು ಶೂನ್ಯಕ್ಕಿಂತ 41 ಡಿಗ್ರಿ ಕೆಳಗೆ, ಈಚಿನ ಆರ್-32 ಸುಮಾರು 52 ಡಿಗ್ರಿ ಕೆಳಗೆ. ಕುದಿಯಲು ಬೇಕಾದ ಶಾಖವನ್ನು ಅದು ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವುದೂ ಇದೇ ಬಗೆ. ಇಲ್ಲಿ ಮಾತ್ರ ಮಾಂಸವೇ ಹೆಪ್ಪುಗಟ್ಟುತ್ತದೆ.

ಮದ್ದು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರು. ಉಂಗುರ ತೆಗೆದು, ಅರ್ಧ ಗಂಟೆಯಷ್ಟು ಕಾಲ ಅದರಲ್ಲಿ ಕೈ ಅದ್ದಿಡಬೇಕು. ಆದರೆ ಬೇಸಿಗೆಯಲ್ಲಿ ನಮ್ಮ ತಾರಸಿ ತೊಟ್ಟಿಯ ನೀರು ಹೇಗಿರುತ್ತದೆಂದು ಸದಸ್ಯರಿಗೆ ಗೊತ್ತೇ ಇದೆ. ಮರಗಟ್ಟಿದ ಬೆರಳಿಗೆ ಬಿಸಿ ತಿಳಿಯದು, ಮೇಲಿಂದ ಮೇಲೆ ಇನ್ನೊಂದು ಸುಟ್ಟಗಾಯವಾದೀತು. ಬೇರೆಯವರು ಮೊಣಕೈ ಅದ್ದಿ ನೋಡಬೇಕು. ಗುಳ್ಳೆ ಎದ್ದರೆ ಒಡೆಯಬಾರದು. ಕಣ್ಣಿಗೆ ತಗಲಿದರೆ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು, ತುರ್ತಿಗೆ 9999.

ರಸಾಯನ ಓದಿದ ನಮಗೆ ಇದಕ್ಕಿಂತ ಭಯ ಬೆಸುಗೆಯ ಉರಿಯದು. 1930ರಲ್ಲಿ ಥಾಮಸ್ ಮಿಜ್ಲಿ ತಾನು ಕಂಡುಹಿಡಿದ ಅನಿಲವನ್ನು ಸಭೆಯಲ್ಲೇ ಉಸಿರಾಡಿ, ಅದೇ ಉಸಿರಿನಿಂದ ಮೇಣದಬತ್ತಿ ಆರಿಸಿ, ಅದು ನಿರಪಾಯವೆಂದು ತೋರಿಸಿದ. ಆದರೆ ಕೊಳವೆಯಲ್ಲಿ ಗ್ಯಾಸ್ ಉಳಿದಿರುವಾಗ ಬೆಸುಗೆಯ ಜ್ವಾಲೆ ತಗಲಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಅದರ ಗಾಯ ಮೊದಲು ಸಣ್ಣದಾಗಿ ಕಂಡು, ನೋವು ಗಂಟೆಗಳ ಮೇಲೆ ಬರಬಹುದು. ಒಳಗಿಳಿದು ಮೈಯ ಕ್ಯಾಲ್ಸಿಯಮ್ಮನ್ನೇ ಹಿಡಿಯುತ್ತದೆ. ಅದಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್ ಲೇಪ ಬೇಕು. ಮೂಗಿಗೆ ಕಟುವಾಸನೆ ಹೊಡೆದರೆ ಉರಿ ಆರಿಸಿ ದೂರ ಸರಿಯಿರೆಂದು ಮೇಲೆ ಹತ್ತಿದವರಿಗೆ ಹೇಳಿ.

ಹುಡುಗನ ಬೆರಳು ಉಳಿಯಿತು. ಏ.ಸಿ. ಗಾಳಿ ತಗಲಿದರೆ ಮಾತ್ರ ಈಗಲೂ ಜೋಮು ಹಿಡಿಯುತ್ತದಂತೆ.